ಐನ್‌ಮನೆಯ ‘ಕ್ರುಪ್ ಕೋವಿ’

ಸೆಪ್ಟೆಂಬರ್ 3ರ ಕೈಲ್‌ಪೋಳ್ದ್‌ಗೆ, ಅಂದರೆ ಕೊಡವರ ಆಯುಧಪೂಜೆಯ ಹಬ್ಬಕ್ಕೆ, ಇನ್ನು ಹತ್ತು ದಿನ. ಪೂಜೆಗೆ ಇಡುವ ಮುಂಚೆ ಕೋವಿಗಳನ್ನು ಬಿಚ್ಚಿ, ಒರೆಸಿ, ಎಣ್ಣೆ ಕೊಡುವ ಸಮಯ. ದಕ್ಷಿಣ ಕೊಡಗಿನ ಒಂದು ಐನ್‌ಮನೆಯ (ಕುಟುಂಬದ ಮೂಲಮನೆಯ) ಜಗಲಿಯಲ್ಲಿ ಹಳೇ ಪಂಚೆ ಹಾಸಿ ಅದರ ಮೇಲೊಂದು ಜೋಡುನಳಿಗೆ ಕೋವಿ ಮಲಗಿಸಿದ್ದರು. ಮನೆಯಲ್ಲಿ ಅದಕ್ಕೆ ‘ಕ್ರುಪ್ ಕೋವಿ’ ಎಂದೇ ಹೆಸರು. “ಕ್ರುಪ್ ಕಂಪನಿಯದ್ದಲ್ವಾ, ಎಷ್ಟು ಬಾಳ್ತದೆ ನೋಡಿ ಹೇಳಿ” ಎಂದರು ಮನೆಯ ಹಿರಿಯರು.

ಮೊದಲು ಲಿವರ್ ಒತ್ತಿ ಕೋವಿಯನ್ನು ನಡುವೆ ಬಾಗಿಸಿ ತೆರೆದು, ಎರಡೂ ನಳಿಗೆ ಖಾಲಿಯೆಂದು ಬೆರಳು ಹಾಕಿ ನೋಡಿದ್ದಾಯಿತು. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿದ್ದ ಕೋವಿಯೆಂದು ಇದನ್ನು ಬಿಡಬಾರದು.

ನಳಿಗೆಗಳ ನಡುವಿನ ಪಟ್ಟಿಯ ಮೇಲೆ ‘ಫ್ಲುಸ್‌ಸ್ಟಾಲ್ ಕ್ರುಪ್ ಎಸ್ಸೆನ್’ ಎಂದು ಜರ್ಮನ್‌ನಲ್ಲಿ ಕೆತ್ತಿದೆ. ಇದು ಕೋವಿ ಮಾಡಿದವರ ಹೆಸರಲ್ಲ, ಉಕ್ಕಿನ ಹೆಸರು. ಡಮಾಸ್ಕಸ್ ನಳಿಗೆಯ ಹಾಗೆ ಪಟ್ಟಿ ಸುತ್ತಿ ಬೆಸೆದದ್ದಲ್ಲ, ಕರಗಿಸಿ ಎರಕ ಹೊಯ್ದ ಉಕ್ಕು ಎಂದಷ್ಟೇ ಅದರ ಅರ್ಥ. ಜರ್ಮನಿಯ ಎಸ್ಸೆನ್ ಊರಿನ ಕ್ರುಪ್ ಕಂಪನಿಯ ಉಕ್ಕನ್ನು ಅದೇ ದೇಶದ ತುರಿಂಗಿಯಾದ ಸೂಲ್ ಊರಿನ ಎಷ್ಟೋ ಕಾರ್ಖಾನೆಗಳು ಬಳಸಿದವು. ಸಾಧಾರಣ ಕೋವಿಯ ಮೇಲೂ ಈ ಬರಹ ಇರುತ್ತದೆ, ಸೌವರ್‌ನಂಥ ಒಳ್ಳೆಯ ಕಾರ್ಖಾನೆಯ ಕೋವಿಯ ಮೇಲೂ ಇರುತ್ತದೆ. ಕ್ರುಪ್‌ನ ಮೂರು ಬಳೆಗಳ ಗುರುತು, ಆಸ್ಟ್ರಿಯಾದ ಉಕ್ಕಿನ ಕಂಪನಿ ಬ್ಯೋಲರ್ ಹೆಸರು, ಇವೂ ಹಾಗೆಯೇ. ‘ಗೆಸ್ ಗೆಶ್’ ಎಂದು ಕಂಡರೆ ಅದೂ ಮನುಷ್ಯನ ಹೆಸರಲ್ಲ, ‘ಕಾನೂನಿನ ರಕ್ಷಣೆ ಇದೆ’ ಎಂಬುದರ ಮೊಟಕು. ಬೆಲೆ ಹೇಳುವವರು ಹೆಚ್ಚಾಗಿ ಎಡವುವುದು ಈ ಪಟ್ಟಿಯ ಮೇಲೆಯೇ.

ಓದಬೇಕಾದ್ದು ನಳಿಗೆಯ ಅಡಿಭಾಗ. ಮುಂದಿನ ಮರದ ಹಿಡಿ ಕಳಚಿ, ನಳಿಗೆ ಬಿಡಿಸಿ, ಬೋರಲಾಗಿ ಇಟ್ಟೆವು. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದಾಗ ಗುರುತುಗಳು ಒಂದೊಂದಾಗಿ ಎದ್ದವು. ಪುಟ್ಟ ಕಿರೀಟದಡಿ ಯು: ಹಾರಿಸಿ ನೋಡುವ ಪರೀಕ್ಷೆಯ ನಂತರ ತಪಾಸಣೆ ಆಗಿದೆ. ಕಿರೀಟದಡಿ ಎಸ್: ಚರೆ ಹಾರಿಸುವ ನುಣುಪು ನಳಿಗೆ. ಡಬ್ಲ್ಯೂ: ಬಾಯಿ ಕಿರಿದಾಗಿದೆ, ಅಂದರೆ ಚೋಕ್ ಇದೆ. ಎನ್: ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆ ಆಗಿದೆ. ಕಿರೀಟದ ಗುರುತುಗಳು 1891ರ ಜರ್ಮನ್ ಕಾಯ್ದೆಯವು. 1940ರಿಂದ ಕಿರೀಟದ ಜಾಗಕ್ಕೆ ಹದ್ದು ಬಂತು. ಪಕ್ಕದಲ್ಲೇ ‘11 27’ ಎಂದಿದ್ದರಿಂದ ಊಹೆಯ ಅಗತ್ಯವೂ ಉಳಿಯಲಿಲ್ಲ: ಪರೀಕ್ಷೆಯಾದದ್ದು 1927ರ ನವೆಂಬರ್‌ನಲ್ಲಿ. ‘ಮೇಡ್ ಇನ್ ಜರ್ಮನಿ’ ಎಂದು ಇಂಗ್ಲಿಷಿನಲ್ಲಿ ಒತ್ತಿರುವುದು ಪರದೇಶಕ್ಕೆ ಮಾರಲು ಮಾಡಿದ್ದಕ್ಕೆ ಸಾಕ್ಷಿ. ಮಾಡಿದವರ ಗುರುತು ಮಾತ್ರ ಎಲ್ಲೂ ಇಲ್ಲ. ಸೌವರ್ ಆಗಿದ್ದರೆ ದೊಣ್ಣೆ ಹಿಡಿದ ಕಾಡುಮನುಷ್ಯನ ಮುದ್ರೆ ಹುಡುಕಬಹುದಿತ್ತು.

ಇನ್ನೊಂದು ಅಂಕಿಯ ಮೇಲೆ ಹೆಚ್ಚು ಹೊತ್ತು ಹೋಯಿತು: ‘13/1’. ಟ್ವೆಲ್ ಬೋರ್ (ನಳಿಗೆಯ ಒಳಗಾತ್ರದ ಅಂಕಿ ಹನ್ನೆರಡು) ಕೋವಿಯಲ್ಲಿ ಹದಿಮೂರು ಏಕೆಂದು ಎಲ್ಲರೂ ಕೇಳುತ್ತಾರೆ. ಪರೀಕ್ಷೆಯ ದಿನ ನಳಿಗೆಯ ಒಳವ್ಯಾಸ ಸುಮಾರು 18.2 ಮಿ.ಮೀ. ಇತ್ತು ಎಂಬ ಲೆಕ್ಕ ಅದು. ಬೋರ್ ಗೇಜ್ ಇಳಿಸಿದಾಗ ಬಲಗಡೆ 18.2 ಇದೆ, ಎಡಗಡೆ 18.5. ಯಾರೋ ಎಡನಳಿಗೆಯ ತುಕ್ಕಿನ ಗುಳಿ ಹೋಗಲೆಂದು ಒಳಗಿನಿಂದ ಉಜ್ಜಿ ಅಗಲ ಮಾಡಿದ್ದಾರೆ. ಗೋಡೆಯಿಂದ ಎಲ್ಲ ಕಡೆಯೂ 0.15 ಮಿ.ಮೀ. ಹೋಯಿತೆಂದು ಅರ್ಥ. ಹೊಳಪು ನೋಡಿ ‘ಕನ್ನಡಿಯ ಹಾಗಿದೆ’ ಎಂದು ಮೆಚ್ಚುವ ಮುಂಚೆ ಈ ಎರಡು ಅಳತೆ ಹೋಲಿಸಬೇಕು. ಗೋಡೆಯ ದಪ್ಪವನ್ನು ಅದರದೇ ಗೇಜಿನಲ್ಲಿ ನಳಿಗೆಯುದ್ದಕ್ಕೂ ಅಳೆಯಬೇಕು. ಎಲ್ಲಾದರೂ 0.5 ಮಿ.ಮೀ.ಗಿಂತ ಕೆಳಗಿಳಿದರೆ ಆ ಕೋವಿ ಹಾರಿಸಲು ಅಲ್ಲ, ಗೋಡೆಗೆ.

ಆಮೇಲೆ ಚೇಂಬರ್, ಅಂದರೆ ನಳಿಗೆಯಲ್ಲಿ ತೋಟೆ ಕೂರುವ ಜಾಗ. 20.2 ಮಿ.ಮೀ. ಅಗಲಕ್ಕೆ ಅರೆದ ಉಕ್ಕಿನ ಸ್ಕೇಲು ಒಳಗೆ ತಳ್ಳಿದರೆ ಚೇಂಬರ್ ಕಿರಿದಾಗುವಲ್ಲಿ ತಡೆದು ನಿಲ್ಲುತ್ತದೆ. ಇಲ್ಲಿ ನಿಂತದ್ದು 65 ಮಿ.ಮೀ.ಗೆ. ಮನೆಯಲ್ಲಿದ್ದ ತೋಟೆಗಳು 70ರವು. “ಸರಿಯಾಗಿ ಕೂರ್ತದಲ್ಲ” ಎಂದು ಹಿರಿಯರು ಒಂದನ್ನು ಹಾಕಿಯೇ ತೋರಿಸಿದರು. ಕೂರುತ್ತದೆ, ಮೋಸ ಇರುವುದೇ ಅಲ್ಲಿ. 70 ಎಂಬುದು ಹಾರಿಸಿ ಬಾಯಿ ಬಿಚ್ಚಿಕೊಂಡ ತೋಟೆಯ ಉದ್ದ. ಮಡಿಸಿದ ಬಾಯಿಯ ಹೊಸ ತೋಟೆ ಹತ್ತು ಮಿ.ಮೀ.ನಷ್ಟು ಗಿಡ್ಡ. ಹಾರಿದಾಗ ಮಡಿಕೆ ಬಿಚ್ಚಲು ಜಾಗವಿಲ್ಲದೆ ಕಿರಿದಾದ ದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಒತ್ತಡ ಏರುತ್ತದೆ. ಗೋಡೆ ತೆಳುವಾದ ನಳಿಗೆಗೆ ಅದು ಬೇಡವೇ ಬೇಡ.

ಜೋಡಣೆ ನೋಡುವಾಗ ಮುಂದಿನ ಹಿಡಿ ಹಾಕಬಾರದು, ಅದು ಸಡಿಲವನ್ನು ಮುಚ್ಚಿಹಾಕುತ್ತದೆ. ನಳಿಗೆ ಮುಚ್ಚಿ ಅಲುಗಿಸಿದೆವು, ಅಲುಗಲಿಲ್ಲ. ಪಟ್ಟಿಯ ಹಿಂಬದಿಯ ಚಾಚಿನಲ್ಲಿ ಅಡ್ಡ ಹಾಯ್ದು ಬೀಗದಂತೆ ಹಿಡಿಯುವ ಗ್ರೀನರ್ ಬೋಲ್ಟ್ ಇನ್ನೂ ಬಿಗಿಯಾಗಿದೆ. ಬಿಡಿಸಿದ ನಳಿಗೆಯನ್ನು ದಾರದಲ್ಲಿ ತೂಗುಬಿಟ್ಟು ಬೆರಳ ಗೆಣ್ಣಿನಿಂದ ತಟ್ಟಿದಾಗ ಗಂಟೆಯ ಹಾಗೆ ನಾದ ಬಂತು. ಬೆಸುಗೆ ಬಿಟ್ಟಿದ್ದರೆ ಒಡಕು ದನಿ ಬರುತ್ತಿತ್ತು. ನಳಿಗೆಯ ಬಾಯಿಯಲ್ಲಿ ಮಾತ್ರ ಎರಡು ಬೆರಳಗಲ ತುಕ್ಕಿನ ಗುಳಿಗಳು. ಕಾರಣ, ಹಬ್ಬಕ್ಕೆ ಸಿಕ್ಕಿಸಿದ ತೋಕ್‌ಪೂ ಎಂಬ ಹೂವನ್ನು ಅಲ್ಲೇ ಒಣಗುವವರೆಗೂ ತೆಗೆಯದಿದ್ದದ್ದು, ಮೇಲೆ ಮಳೆಗಾಲದ ತೇವ.

ನಂಬರ್ ನಳಿಗೆ, ಆಕ್ಷನ್ (ಕುದುರೆಯಿರುವ ಯಂತ್ರಭಾಗ), ಮುಂದಿನ ಹಿಡಿಯ ಕಬ್ಬಿಣ ಮೂರರಲ್ಲೂ ಒಂದೇ ಇದೆ. ಬೆಲೆಗೆ ಇದು ಕೆತ್ತನೆಗಿಂತ ದೊಡ್ಡದು. ಲೈಸೆನ್ಸ್ ಬೇಡವೆಂಬ ವಿನಾಯಿತಿ ಪತ್ರದಲ್ಲಿರುವ ನಂಬರಿಗೂ ಇದೇ ತಾಳೆಯಾಗಬೇಕು. ಕೊಡಗಿನ ವಿನಾಯಿತಿ ಹೊರಗಿನ ಕೊಳ್ಳುವವನಿಗೆ ದಾಟುವುದಿಲ್ಲ, ಅವನ ಬಳಿ ಲೈಸೆನ್ಸ್ ಇರಲೇಬೇಕು. ಟ್ವೆಲ್ ಬೋರ್ ಆದ್ದರಿಂದ ತೋಟೆ ಸಿಗುತ್ತದೆ. ಹದಿನಾರರ ಬೋರ್ ಆಗಿದ್ದರೆ ಎಷ್ಟೇ ಚೆಂದವಿದ್ದರೂ ಬೆಲೆ ಬೀಳುತ್ತಿತ್ತು. ನಮ್ಮ ತೀರ್ಮಾನ ಇಷ್ಟು: ಸೂಲ್ ಕಡೆಯ ಹೆಸರಿಲ್ಲದ ಕಾರ್ಖಾನೆಯ ಗಟ್ಟಿ ಕೆಲಸ, ಮಧ್ಯಮ ದರ್ಜೆ. ಎಡನಳಿಗೆಯ ಗೋಡೆ ಅಳೆಯುವವರೆಗೆ ಅಂಕಿ ಹೇಳುವುದಿಲ್ಲ.

ಹಿರಿಯರು ‘65’ ಎಂದು ಚೀಟಿ ಬರೆದು ಕೋವಿಯ ಚೀಲಕ್ಕೆ ಕಟ್ಟಿದರು. ಈ ಸಲ ತೋಕ್‌ಪೂವನ್ನು ಬಾಯಿಗೆ ಸಿಕ್ಕಿಸದೆ ನಳಿಗೆಯ ಹೊರಗೆ ದಾರದಲ್ಲಿ ಕಟ್ಟುತ್ತಾರಂತೆ.