ಅಜ್ಜಿ ಕರೆಯುತ್ತಿದ್ದ ಯೂಸೆಫ್

ಇಸ್ರೇಲಿಗೆ ಬರುವ ಮೊದಲು ಮಂಗಳೂರಿನಲ್ಲಿ ನಮಗೊಂದು ಕೋರ್ಸ್ ಮಾಡಿಸಿದ್ದರು. ಡೈಪರ್ ಬದಲಾಯಿಸುವುದು, ನಮ್ಮ ಸೊಂಟ ಉಳುಕದ ಹಾಗೆ ರೋಗಿಯನ್ನು ಹಾಸಿಗೆಯಿಂದ ಎಬ್ಬಿಸುವುದು, ಶುಗರ್ ಚೆಕ್, ಬೆಡ್‌ಸೋರ್, ಒಂದಿಷ್ಟು ಹೀಬ್ರೂ. ಮನೆಯವರು ಊಟದ ಮೇಜಿನ ಮೇಲೆ ಯುದ್ಧದ ಜಗಳ ಆಡುವಾಗ ನಾವು ಮುಖ ಎಲ್ಲಿ ಇಟ್ಟುಕೊಳ್ಳಬೇಕು ಅಂತ ಮಾತ್ರ ಯಾರೂ ಹೇಳಿಕೊಡಲಿಲ್ಲ.

ನಾನಿರುವುದು ಹೋಲೋನ್‌ನಲ್ಲಿ. ಟೆಲ್ ಅವೀವ್‌ಗೆ ತಾಗಿಕೊಂಡ ಊರು. ಪಕ್ಕದಲ್ಲಿ ಬಾತ್ ಯಾಮ್, ಅದರಾಚೆ ಸಮುದ್ರ. ಇರಾನ್‌ನಿಂದ ಬಂದ ಯಹೂದಿಗಳು ಇಲ್ಲಿ ತುಂಬಾ ಜನ ಇದ್ದಾರೆ. ನಾನು ನೋಡಿಕೊಳ್ಳುವ ಅಜ್ಜಿಯೂ ಅವರಲ್ಲೊಬ್ಬರು. 1950ರ ದಶಕದಲ್ಲಿ, ಮದುವೆಯಾದ ಹೊಸತರಲ್ಲಿ, ಗಂಡನ ಜೊತೆ ಟೆಹ್ರಾನ್ ಬಿಟ್ಟು ಬಂದವರು. ಮೂರನೇ ಮಹಡಿಯ ಹಳೇ ಮನೆ. ಲಿಫ್ಟ್ ಇಲ್ಲ, ಮನೆಯೊಳಗೇ ಕಟ್ಟುವ ಸುರಕ್ಷಿತ ಕೋಣೆ, ಮಮಾದ್, ಅದೂ ಇಲ್ಲ. ಮಿಕ್ಲಾತ್, ಅಂದರೆ ಬಾಂಬ್ ಬಿದ್ದಾಗ ಅಡಗುವ ಜಾಗ, ಇರುವುದು ನೆಲದಡಿ, ಅದೂ ಕಡಿದಾದ ಮೆಟ್ಟಿಲು ಇಳಿದು.

ಅಜ್ಜಿಗೆ ಒಬ್ಬ ಮಗ, ಒಬ್ಬಳು ಮಗಳು. ಮಗ ಸರ್ಕಾರದ ಪರ. ಮಗಳು ಆಗ ಪ್ರತಿ ಶನಿವಾರ ರಾತ್ರಿ, ಗಾಜಾದಲ್ಲಿ ಸೆರೆಯಾದವರಿಗಾಗಿ ಜನ ಸೇರುತ್ತಿದ್ದ ಟೆಲ್ ಅವೀವ್‌ನ ಒತ್ತೆಯಾಳುಗಳ ಚೌಕಕ್ಕೆ ಹೋಗಿ ಅದೇ ಸರ್ಕಾರದ ವಿರುದ್ಧ ಕೂಗಿ ಬರುತ್ತಿದ್ದವಳು. ಶುಕ್ರವಾರ ರಾತ್ರಿ ಇಬ್ಬರೂ ಒಂದೇ ಮೇಜಿಗೆ ಕೂರುತ್ತಾರೆ. ಗೋಂದಿ ಮಾಡುವವಳು ನಾನು. ಕಡಲೆಹಿಟ್ಟು, ಕೋಳಿಮಾಂಸ ಕಲಸಿ ಉಂಡೆ ಕಟ್ಟಿ ಸಾರಿನಲ್ಲಿ ಬೇಯಿಸುವುದು. ಅಜ್ಜಿಯೇ ಕಲಿಸಿದ್ದು. ಉಂಡೆ ಬಟ್ಟಲಿಗೆ ಬೀಳುವಷ್ಟರಲ್ಲಿ ಜಗಳ ಶುರುವಾಗಿರುತ್ತದೆ.

2025ರ ವಸಂತದಲ್ಲಿ ಒಂದು ಶುಕ್ರವಾರ ಮಗ ನನ್ನ ಕಡೆ ತಿರುಗಿ, "ಇಂಡಿಯಾದಲ್ಲಿ ನಮ್ಮ ಬಗ್ಗೆ ಏನು ಹೇಳ್ತಾರೆ?" ಅಂತ ಕೇಳಿದ. ಇಂಥ ಪ್ರಶ್ನೆಗೆ ಖುಷಿಯಾಗುವ ಉತ್ತರ ಕೊಟ್ಟು ಮುಗಿಸುವುದೇ ಕ್ಷೇಮ ಅಂತ ನನ್ನ ಲೆಕ್ಕ. "ಎಲ್ಲರೂ ನಿಮ್ಮ ಜೊತೆ ಇದ್ದಾರೆ" ಅಂದೆ. ಮಗನ ಮುಖ ಅರಳಿತು. ಮಗಳು ಫೋರ್ಕ್ ಕೆಳಗಿಟ್ಟಳು. "ನಿಮ್ಮ ಜೊತೆ ಅಂದ್ರೆ ಯಾರ ಜೊತೆ? ನನ್ನ ಜೊತೆನಾ, ಇವನ ಜೊತೆನಾ, ಬೀಬಿ ಜೊತೆನಾ?" ಬೀಬಿ ಅಂತ ಇಲ್ಲಿ ಕರೆಯುವುದು ನೆತನ್ಯಾಹುವನ್ನು. ನನಗೆ ಸಂಬಳ ಬರುವುದು ಮಗಳ ಖಾತೆಯಿಂದ. ಆ ತಿಂಗಳು ತಡವಾಗಿ ಬಂತು. ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ನಾನು ಹೇಳುವುದಿಲ್ಲ. ಆದರೆ ಆಮೇಲೆ ಒಂದು ವಿಷಯ ತಲೆಯಲ್ಲಿ ಕೂತಿತು: ವೀಸಾ ಬೇರೆಯವರ ಕೈಯಲ್ಲಿರುವವಳಿಗೆ ಅಭಿಪ್ರಾಯ ಪುಕ್ಕಟೆ ಸಿಗುವುದಿಲ್ಲ.

ಜಗಳ ಆಡಲೇಬೇಕು ಅನಿಸಿದರೆ ನಮಗೆ ಪಾರ್ಕ್ ಇದೆ. ಸಂಜೆ ವೀಲ್‌ಚೇರ್‌ಗಳನ್ನು ಸಾಲಾಗಿ ನೆರಳಿಗೆ ನಿಲ್ಲಿಸಿ, ಬ್ರೇಕ್ ಹಾಕಿ, ನಾವು ಬೆಂಚಿನಲ್ಲಿ ಕೂರುತ್ತೇವೆ. ಕೊಟ್ಟಾಯಂನ ಚೇಚಿ, ಶಿರ್ವದ ಅಣ್ಣ, ಒಬ್ಬಳು ಫಿಲಿಪಿನೋ, ಒಬ್ಬಳು ನೇಪಾಳಿ. ಶಿರ್ವದ ಅಣ್ಣನಿಗೆ ಊರಿನ ಟಿವಿಯವರು ಹೇಳಿದ್ದೆಲ್ಲ ವೇದವಾಕ್ಯ. 2023ರ ಅಕ್ಟೋಬರ್ 7ರಂದು ಗಾಜಾದ ಹಮಾಸ್‌ನವರ ದಾಳಿಯಲ್ಲಿ ಸುಮಾರು 1,200 ಜನ ಸತ್ತರು, 251 ಜನರನ್ನು ಎಳೆದುಕೊಂಡು ಹೋದರು, ಅದರಲ್ಲಿ ನಮ್ಮ ಹಾಗೆ ದುಡಿಯಲು ಬಂದ ಥಾಯ್ ಹುಡುಗರೂ ಇದ್ದರು, ಅದನ್ನು ಮರೆಯಬೇಡಿ ಅನ್ನುತ್ತಾನೆ. ಮರೆತವರು ಯಾರು? ಚೇಚಿ ಬಿಡುವುದಿಲ್ಲ. 2025ರ ಜೂನ್‌ಗೇ ಗಾಜಾದಲ್ಲಿ ಸತ್ತವರು 55,000 ದಾಟಿದ್ದರು ಅಂತ ಅಲ್ಲಿನ ಆರೋಗ್ಯ ಇಲಾಖೆ ಹೇಳಿದೆ, ಅದನ್ನೂ ಎಣಿಸು ಅನ್ನುತ್ತಾಳೆ. "ಅದು ಹಮಾಸ್‌ನವರ ಲೆಕ್ಕ" ಅಂತ ಇವನು. "ನೀನು ಓದೋದು ಯಾರ ಲೆಕ್ಕ ಮಾರಾಯಾ?" ಅಂತ ಅವಳು. ಪಾರ್ಕಿನಲ್ಲಿ ಇಷ್ಟು ದಿನ ಕೂತು ಚೇಚಿಗೂ ಆ 'ಮಾರಾಯಾ' ಅಂಟಿಕೊಂಡಿದೆ.

ಒಮ್ಮೆ ಕಟ್ಟಡ ಕೆಲಸಕ್ಕೆ ಬಂದ ಉತ್ತರ ಭಾರತದ ಹುಡುಗರ ಮಾತು ಬಂತು. ಅಕ್ಟೋಬರ್ 7ರ ನಂತರ ಪ್ಯಾಲೆಸ್ಟೀನಿಯರ ಪರ್ಮಿಟ್ ನಿಲ್ಲಿಸಿದರು, ಅವರು ಬಿಟ್ಟ ಜಾಗಕ್ಕೆ 2024ರಲ್ಲಿ ಹರಿಯಾಣ, ಉತ್ತರ ಪ್ರದೇಶದಲ್ಲಿ ಪರೀಕ್ಷೆ ಮಾಡಿ ಮೇಸ್ತ್ರಿಗಳನ್ನು ಕರೆಸಿದರು. ತಿಂಗಳಿಗೆ 1.37 ಲಕ್ಷ ರೂಪಾಯಿ ಅಂತ ಜಾಹೀರಾತು. "ಒಬ್ಬನ ಅನ್ನ ಕಿತ್ತು ಇನ್ನೊಬ್ಬನಿಗೆ" ಅಂದಳು ಚೇಚಿ. "ಹಸಿವಾದವನು ತಟ್ಟೆ ಯಾರದ್ದು ಅಂತ ಕೇಳ್ತಾನಾ?" ಅಂದ ಅಣ್ಣ. ಇಬ್ಬರ ಮಾತಿಗೂ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ನನಗೆ ವಿಚಿತ್ರ ಅನಿಸುತ್ತಿದ್ದದ್ದು ಬೇರೆ. ಅಜ್ಜಿಯ ಜೊತೆ ಬೆಳಗ್ಗಿನಿಂದ ರಾತ್ರಿವರೆಗೆ ನೋಡುವ ಹೀಬ್ರೂ ಚಾನೆಲ್‌ನಲ್ಲಿ ಗಾಜಾದ ಮಕ್ಕಳು ಕಾಣುವುದೇ ಅಪರೂಪ. ನನ್ನ ಫೋನಿನಲ್ಲಿ ಬೇರೆ ಏನೂ ಕಾಣುತ್ತಿರಲಿಲ್ಲ. ಒಂದೇ ದಿನ, ಒಂದೇ ಸೋಫಾ, ಎರಡು ಯುದ್ಧ. ಮೂರನೆಯದು ಕಾರ್ಕಳದಲ್ಲಿ ಅಮ್ಮ ನೋಡುವ ಕನ್ನಡ ಚಾನೆಲ್‌ನದ್ದು. ಅದರಲ್ಲಿ ಟೆಲ್ ಅವೀವ್ ಅದೆಷ್ಟೋ ಸಲ ಬೂದಿಯಾಗಿದೆ. "ಬದುಕಿದ್ದೀಯಾ ಮಗಾ?" ಅಂತ ಅಮ್ಮ ಅಳುತ್ತಾ ಫೋನ್ ಮಾಡುವಾಗ ನಾನು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿರುತ್ತೇನೆ.

2025ರ ಜೂನ್ 13ರ ಬೆಳಗಿನ ಜಾವ, ಸುಮಾರು ಮೂರು ಗಂಟೆಗೆ, ದೇಶಕ್ಕೆ ದೇಶವೇ ಸೈರನ್. ಇಸ್ರೇಲ್ ಇರಾನ್ ಮೇಲೆ ದಾಳಿ ಶುರು ಮಾಡಿತ್ತು. ವಿಮಾನ ನಿಲ್ದಾಣ ಮುಚ್ಚಿತು. ಅವತ್ತು ರಾತ್ರಿಯಿಂದ ಇರಾನ್‌ನ ಕ್ಷಿಪಣಿಗಳು ಬರತೊಡಗಿದವು. 14ರ ರಾತ್ರಿ ಬಾತ್ ಯಾಮ್‌ನಲ್ಲಿ ಒಂದು ಅಪಾರ್ಟ್‌ಮೆಂಟ್‌ಗೆ ಬಿದ್ದು 9 ಜನ ಸತ್ತರು. ನಮ್ಮ ಮನೆಯ ಕಿಟಕಿಗಳು ಅದುರಿದವು. ಅದೇ ರಾತ್ರಿ ಉತ್ತರದ ತಮ್ರಾ ಎಂಬ ಅರಬ್ ಊರಿನಲ್ಲಿ ಒಂದೇ ಕುಟುಂಬದ ನಾಲ್ವರು ಸತ್ತರು. ಮಾತ್ರೆ ತರಲು ಆರೋಗ್ಯ ವಿಮೆಯ ಕ್ಲಿನಿಕ್ಕಿಗೆ, ಇಲ್ಲಿನವರ ಕುಪಾಗೆ, ಹೋದಾಗ ಅಲ್ಲಿನ ಅರಬ್ ಫಾರ್ಮಸಿಸ್ಟ್, "ಆ ಊರಿನಲ್ಲಿ ಒಂದು ಸಾರ್ವಜನಿಕ ಮಿಕ್ಲಾತ್ ಕೂಡ ಇಲ್ಲ, ಗೊತ್ತಾ?" ಅಂದ. ಸರದಿಯಲ್ಲಿ ಹಿಂದೆ ನಿಂತಿದ್ದಾತ ಫೋನ್ ನೋಡುತ್ತಲೇ ಇದ್ದ.

ಏಜೆನ್ಸಿಯಿಂದ ಬಂದದ್ದು ಒಂದೇ ಮೆಸೇಜ್: ಸೂಚನೆಗಳನ್ನು ಪಾಲಿಸಿ. ರಿಲೀವರ್ ಕಳಿಸಿ ಅಂದರೆ ಉತ್ತರ ಇಲ್ಲ. ಜೋರ್ಡಾನ್, ಈಜಿಪ್ಟ್ ದಾರಿಯಲ್ಲಿ ಊರಿಗೆ ಕರೆದುಕೊಂಡು ಹೋಗಲು ನಮ್ಮ ಸರ್ಕಾರ ವ್ಯವಸ್ಥೆ ಮಾಡಿತು. ಪಾರ್ಕಿನವರು ಯಾರೂ ಹೋಗಲಿಲ್ಲ. ಏಜೆಂಟರಿಗೆ ಕೊಟ್ಟ ಸಾಲ ಇನ್ನೂ ತೀರದವರು ಎಲ್ಲಿಗೆ ಹೋಗುತ್ತಾರೆ?

ಅಜ್ಜಿ ಆ ವಾರ ಬದಲಾದರು. ಊಟ ಬಿಟ್ಟರು. ಟಿವಿ ಹಾಕಿದರೆ ಸ್ವಲ್ಪ ಹೊತ್ತಿಗೇ "ಟಾಯ್ಲೆಟ್‌ಗೆ ಕರ್ಕೊಂಡು ಹೋಗು" ಅನ್ನುತ್ತಿದ್ದರು. ಕೂತರೆ ಏನೂ ಇಲ್ಲ. ಮತ್ತೆ ಹತ್ತು ನಿಮಿಷಕ್ಕೆ ಅದೇ. ರಾತ್ರಿ ಮಲಗಿದಲ್ಲೇ "ಯೂಸೆಫ್... ಯೂಸೆಫ್..." ಅಂತ ಗೊಣಗಾಟ, ಹಿಂದೆ ಮುಂದೆ ಒಂದಷ್ಟು ಫಾರ್ಸಿ. ಗಂಡನ ಹೆಸರು ಅದಲ್ಲ, ಮನೆಯಲ್ಲಿ ಆ ಹೆಸರಿನವರು ಯಾರೂ ಇಲ್ಲ.

ನಮ್ಮಲ್ಲಿ ದಿನದ ನೋಟ್‌ಬುಕ್ ಇರುತ್ತದೆ. ಮಗಳು ಅದನ್ನು ಓದಿ ಡಾಕ್ಟರ್‌ಗೆ ಫೋಟೋ ಕಳಿಸುತ್ತಾಳೆ. ಅದರಲ್ಲಿ ನಾನು ಬರೆದದ್ದು: "ಪದೇ ಪದೇ ಮೂತ್ರಕ್ಕೆ. ರಾತ್ರಿ ಗೊಂದಲ. ಯಾರನ್ನೋ ಕರೆಯುತ್ತಾರೆ." ಇಷ್ಟು ವರ್ಷದಲ್ಲಿ ಇಂಥ ಎಷ್ಟು ಅಜ್ಜಿಯರನ್ನು ನೋಡಿಲ್ಲ, ಮರೆವು ಶುರುವಾಯಿತು ಅಂದುಕೊಂಡೆ. ಮಗ, ಮಗಳು ಒಂದೇ ಅಭಿಪ್ರಾಯಕ್ಕೆ ಬಂದದ್ದನ್ನು ನಾನು ನೋಡಿದ್ದು ಅವತ್ತೇ: ಅಮ್ಮನಿಗೆ ಟೆಹ್ರಾನ್‌ನಲ್ಲಿ ಮದುವೆಗೆ ಮೊದಲು ಯಾರೋ ಯೂಸೆಫ್ ಇದ್ದ! ಇಬ್ಬರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ.

16ರಂದು ಟೆಹ್ರಾನ್‌ನ ಸರ್ಕಾರಿ ಟಿವಿ ಕಟ್ಟಡದ ಮೇಲೆ ದಾಳಿ ಆಯಿತಲ್ಲ, ನೇರ ಪ್ರಸಾರದಲ್ಲೇ ವಾರ್ತೆ ಓದುವಾಕೆ ಎದ್ದು ಓಡಿದ್ದು. ಇಲ್ಲಿ ಅದನ್ನು ಮತ್ತೆ ಮತ್ತೆ ತೋರಿಸಿದರು. ಮಗ ಚಪ್ಪಾಳೆ ತಟ್ಟಿದ. ಅಜ್ಜಿ ನನ್ನ ಕೈ ಹಿಡಿದು "ಟಾಯ್ಲೆಟ್" ಅಂದರು. ನಾನು ಕರೆದುಕೊಂಡು ಹೋದೆ, ಬಂದು ನೋಟ್‌ಬುಕ್ಕಿನಲ್ಲಿ ಇನ್ನೊಂದು ಗೀಟು ಹಾಕಿದೆ.

ಡಾಕ್ಟರ್ ಫೋನಿನಲ್ಲೇ ಮುಗಿಸಿದರು. ಮೂತ್ರ ಪರೀಕ್ಷೆ, ರಾತ್ರಿಗೆ ಅರ್ಧ ನಿದ್ದೆ ಮಾತ್ರೆ. 18ರ ರಾತ್ರಿ ಮೊದಲ ಸಲ ಕೊಟ್ಟೆ. ಅಜ್ಜಿ ಚೆನ್ನಾಗಿ ಮಲಗಿದರು, ನಾನೂ ಮಲಗಿದೆ.

19ರ ಬೆಳಗ್ಗೆ ಏಳರ ಹೊತ್ತಿಗೆ ಫೋನ್ ಅರಚಿತು. ದಾಳಿಯ ಹೊತ್ತಿಗೆ ಜನರಿಗೆ ಸೂಚನೆ ಕೊಡುವ ಸೈನ್ಯದ ವಿಭಾಗ ಪಿಕೂದ್‌ನ ಮುನ್ನೆಚ್ಚರಿಕೆ. ಇದು ಬಂದ ಮೇಲೆ ಸೈರನ್‌ಗೆ ಕೆಲವು ನಿಮಿಷ ಸಿಗುತ್ತದೆ, ಸೈರನ್ ಆದ ಮೇಲೆ ನಮ್ಮ ಕಡೆ ಒಂದೂವರೆ ನಿಮಿಷ. ಬೇರೆ ದಿನ ಈ ಸಮಯ ಸಾಕಾಗುತ್ತಿತ್ತು. ಬೆಲ್ಟ್ ಕಟ್ಟಿ, ಅಜ್ಜಿ ಕಂಬಿ ಹಿಡಿದು, ನಾನು ಒಂದು ಮೆಟ್ಟಿಲು ಕೆಳಗೆ ಅವರ ಕಡೆ ಮುಖ ಮಾಡಿ ಹಿಮ್ಮುಖ ಇಳಿಯುವುದು. ಅವತ್ತು ಅಜ್ಜಿಯನ್ನು ಎಬ್ಬಿಸಿ ಕೂರಿಸಿದರೆ ಹಾಗೇ ಪಕ್ಕಕ್ಕೆ ವಾಲಿದರು. ಕಣ್ಣು ಅರ್ಧ ತೆರೆದಿತ್ತು. ಮಾತ್ರೆಯ ಅಮಲು ಇನ್ನೂ ಇಳಿದಿರಲಿಲ್ಲ. ಬೆಲ್ಟ್ ಕಟ್ಟಲು ಹೋದರೆ ಬಕಲ್ ಕೈಗೆ ಸಿಗಲಿಲ್ಲ. ಚಪ್ಪಲಿ ಬಿಟ್ಟೆ. ವಾಕರ್ ಬಿಟ್ಟೆ. ಬಾಗಿಲು ದಾಟುವಾಗಲೇ ಅಜ್ಜಿಯ ಪೂರ್ತಿ ಭಾರ ನನ್ನ ಮೇಲಿತ್ತು. ಮಳೆಗೆ ನೆನೆದ ಹತ್ತಿ ಹಾಸಿಗೆ ಹೊತ್ತ ಹಾಗೆ, ಎಲ್ಲಿ ಹಿಡಿದರೂ ಇನ್ನೊಂದು ಕಡೆ ಜಾರುತ್ತದೆ.

ಎರಡನೇ ಮಹಡಿಯ ತಿರುವಿನಲ್ಲಿ ಸೈರನ್ ಆಯಿತು. ಅಲ್ಲೇ ಗೋಡೆಗೆ ಒರಗಿಸಿ ಕೂರಿಸೋಣವಾ, ಇಳಿಸೋಣವಾ? ಬೇರೆ ದಾರಿ ಇಲ್ಲದವರು ಮೆಟ್ಟಿಲ ಬಳಿ ಇರಿ ಅಂತ ಸೂಚನೆ ಇದೆ. ಆದರೆ ಎದುರಿಗೇ ದೊಡ್ಡ ಗಾಜಿನ ಕಿಟಕಿ. ಇಳಿಸುವಾಗ ಕಾಲು ತಪ್ಪಿದರೆ ಇಬ್ಬರದ್ದೂ ಸೊಂಟ ಮುರಿಯುತ್ತದೆ. ನಾನು ನಿಂತೇ ಬಿಟ್ಟೆ. ಅಷ್ಟರಲ್ಲಿ ಎರಡನೇ ಮಹಡಿಯ ರಷ್ಯನ್ ಮಾತಾಡುವ ಹುಡುಗ ಬನಿಯನ್‌ನಲ್ಲೇ ಹೊರಗೆ ಬಂದ. ಇಷ್ಟು ವರ್ಷದಲ್ಲಿ ನನಗೆ ಒಂದು ನಮಸ್ಕಾರವನ್ನೂ ಹೇಳದವನು. ಏನೂ ಕೇಳದೆ ಅಜ್ಜಿಯನ್ನು ಎತ್ತಿಕೊಂಡು ಇಳಿದ. ಮಿಕ್ಲಾತ್‌ನ ಕಬ್ಬಿಣದ ಬಾಗಿಲು ಎಳೆದುಕೊಂಡ ಮೇಲೆ ದೊಡ್ಡ ಸದ್ದು. ಆಮೇಲೆ ಇನ್ನೊಂದು. ಅವತ್ತು ನಮ್ಮ ಹೋಲೋನ್‌ನಲ್ಲೇ ಬಿತ್ತು, ರಾಮತ್ ಗಾನ್‌ನಲ್ಲಿ ಬಿತ್ತು, ಬೇರ್ ಷೇವಾದ ಸೊರೋಕಾ ಆಸ್ಪತ್ರೆಗೂ ಬಿತ್ತು.

ಒಳಗೆ ಹಳೇ ಸೈಕಲ್ಲು, ಪ್ಲಾಸ್ಟಿಕ್ ಕುರ್ಚಿ, ಧೂಳು, ಚರ್ಚೆ. ಇನ್ನೂ ಹೊಡೆಯಬೇಕು ಅಂತ ಒಬ್ಬ, ಇದೆಲ್ಲ ಅಧಿಕಾರ ಉಳಿಸಿಕೊಳ್ಳುವ ಆಟ ಅಂತ ಒಬ್ಬಳು. ನೆಲದಡಿಗೆ ಇಳಿದರೂ ಅದೇ ಶುಕ್ರವಾರದ ಊಟದ ಮೇಜು. ಅಜ್ಜಿಗೆ ಸ್ವಲ್ಪ ಎಚ್ಚರವಾಗಿ ಮತ್ತೆ "ಯೂಸೆಫ್..." ಶುರು ಮಾಡಿದರು. ಪಕ್ಕದ ಕುರ್ಚಿಯ ಮುದುಕರು ತಿರುಗಿ ಫಾರ್ಸಿಯಲ್ಲಿ ಏನೋ ಕೇಳಿದರು. ಅಜ್ಜಿ ಗಬಕ್ಕನೆ ಅವರ ತೋಳು ಹಿಡಿದರು. ಇಬ್ಬರೂ ತುಂಬಾ ಹೊತ್ತು ಮಾತಾಡಿದರು. ಮರೆವಿನ ಲಕ್ಷಣ ಒಂದೂ ಇಲ್ಲ.

ಮುದುಕರು ನನಗೆ ಹೀಬ್ರೂನಲ್ಲಿ ಹೇಳಿದರು. ಯೂಸೆಫಾಬಾದ್. ಟೆಹ್ರಾನ್‌ನ ಒಂದು ಬಡಾವಣೆ, ಅಲ್ಲಿ ಯಹೂದಿಗಳ ದೊಡ್ಡ ಪ್ರಾರ್ಥನಾ ಮಂದಿರ, ಸಿನಗಾಗ್ ಇದೆ. ಇವರ ತಂಗಿ ಈಗಲೂ ಅಲ್ಲೇ ಇದ್ದಾರೆ. ಅಲ್ಲಿಗೆ ಬಾಂಬ್ ಬಿತ್ತಾ ಅಂತ ಕೇಳ್ತಿದ್ದಾರೆ.

ಇರಾನ್‌ನಲ್ಲಿ ಇವತ್ತಿಗೂ ಕೆಲವು ಸಾವಿರ ಯಹೂದಿಗಳಿದ್ದಾರೆ. ಇಸ್ರೇಲ್ ಜೊತೆ ಸಂಪರ್ಕ ಇಟ್ಟುಕೊಂಡರೆ ಅಲ್ಲಿ ಅಪರಾಧ. ಇಲ್ಲಿ ಮಗನ ಕೆಲಸ ಸೈನ್ಯಕ್ಕೆ ಸಾಮಾನು ಮಾಡುವ ಕಡೆ, ತಂಗಿಯ ವಿಷಯ ಎತ್ತಿದರೆ ಅವನಿಗೆ ತೊಂದರೆ ಅಂತ ಅಜ್ಜಿ ವರ್ಷಗಟ್ಟಲೆ ಬಾಯಿ ಬಿಟ್ಟಿರಲಿಲ್ಲ. ಮಕ್ಕಳು ಆ ಚಿಕ್ಕಮ್ಮ ಯಾವತ್ತೋ ತೀರಿಹೋದರು ಅಂದುಕೊಂಡಿದ್ದರು. ಟಿವಿಯಲ್ಲಿ ಟೆಹ್ರಾನ್ ಹೊಗೆ ತೋರಿಸಿದಾಗೆಲ್ಲ ಅಜ್ಜಿಗೆ ಆ ಕೋಣೆಯಿಂದ ಎದ್ದು ಹೋಗಬೇಕಿತ್ತು. ಒಬ್ಬರೇ ನಡೆಯಲಾಗದವರಿಗೆ ಎದ್ದು ಹೋಗಲು ಇರುವ ನೆಪ ಒಂದೇ. ಅದಕ್ಕೆ ನಾನು ಗೀಟು ಹಾಕಿದೆ, ಡಾಕ್ಟರ್ ಮೂತ್ರ ಪರೀಕ್ಷೆ ಬರೆದರು.

ಮಧ್ಯಾಹ್ನ ಮಗಳು ಬಂದಾಗ ಹೇಳಿದೆ. ಅಡುಗೆಮನೆಯ ಸ್ಟೂಲ್ ಮೇಲೆ ಸುಮ್ನೆ ಕೂತಳು. ನಿದ್ದೆ ಮಾತ್ರೆ ಅವತ್ತೇ ನಿಲ್ಲಿಸಿದೆವು. ಇರಾನ್‌ನಲ್ಲಿ ಇಂಟರ್ನೆಟ್ ಕಡಿತವಾಗಿತ್ತು. ಲಾಸ್ ಏಂಜಲೀಸ್‌ನಲ್ಲಿರುವ ಸಂಬಂಧಿಕರ ಮೂಲಕ ಸುದ್ದಿ ಸಿಕ್ಕಿದ್ದು 24ರಂದು ಕದನ ವಿರಾಮ ಆದ ಮೇಲೆ. ತಂಗಿ ಊರು ಬಿಟ್ಟು ಉತ್ತರಕ್ಕೆ ಹೋಗಿದ್ದರು, ಕ್ಷೇಮ. ಮಗನಿಗೆ ಏನು ಹೇಳಿದರೋ ಗೊತ್ತಿಲ್ಲ. ಆಮೇಲೆ ಟೆಹ್ರಾನ್ ತೋರಿಸುವಾಗ ಅವನು ರಿಮೋಟ್ ಮುಟ್ಟುತ್ತಾನೆ, ಚಪ್ಪಾಳೆ ಇಲ್ಲ.

ಏಜೆನ್ಸಿಯ ಫಾರ್ಮ್‌ನಲ್ಲಿ ರೋಗಿಯ ಮನಸ್ಸಿಗೆ ಎರಡೇ ಚೌಕ: 'ಸರಿ ಇದೆ', 'ಗೊಂದಲ'. ಯಾವ ಪುಣ್ಯಾತ್ಮ ಮಾಡಿದ್ದೋ! ನನ್ನ ನೋಟ್‌ಬುಕ್ಕಿನಲ್ಲಿ ಈಗ ಒಂದು ಗೆರೆ ಎಳೆದು ಬೇರೆ ಕಾಲಂ ಮಾಡಿಕೊಂಡಿದ್ದೇನೆ. ಆ ಹೊತ್ತಿಗೆ ಟಿವಿಯಲ್ಲಿ ಏನಿತ್ತು, ಕೋಣೆಯಲ್ಲಿ ಯಾರಿದ್ದರು, ಅಜ್ಜಿ ಅಂದದ್ದು ಏನು, ಅದಷ್ಟೇ ಅಲ್ಲಿಗೆ. ಹೊಸದಾಗಿ ಬಂದ ನೇಪಾಳಿ ಹುಡುಗಿಗೂ ಹಾಗೇ ಬರೆ ಅಂದೆ. ಅವಳ ಮನೆಯಲ್ಲಿ ನೋಟ್‌ಬುಕ್ಕೇ ಇಲ್ಲವಂತೆ.

ಇನ್ನು ಸಂಬಳದ ಕತೆ. ಆ 12 ದಿನದಲ್ಲಿ ಎರಡು ಶನಿವಾರ ನನಗೆ ಡೇ-ಆಫ್ ಸಿಗಲಿಲ್ಲ. ಯುದ್ಧದ ಸಮಯ ಅಲ್ವಾ, ಎಲ್ಲರೂ ಸ್ವಲ್ಪ ಸಹಿಸಿಕೊಳ್ಳಬೇಕು ಅಂತ ಮಗ. ಕಾನೂನು ಕಾನೂನೇ ಅಂತ ಮಗಳು. ಇದಕ್ಕೂ ಒಂದು ಶುಕ್ರವಾರ ಪೂರ್ತಿ ಜಗಳ ಆಯಿತು. ಕೊನೆಗೆ ಒಂದು ಶನಿವಾರದ ದುಡ್ಡು ಬಂತು. ಇನ್ನೊಂದರದ್ದು ಬೇಕಿದ್ದರೆ ಹೀಬ್ರೂನಲ್ಲಿ ಅರ್ಜಿ ಬರೆದು ಕಳಿಸಿ ಅಂತ ಏಜೆನ್ಸಿಯವರು ಹೇಳಿದ್ದಾರೆ. ಚೇಚಿಯ ಹೀಬ್ರೂ ನನಗಿಂತ ವಾಸಿ. ನಾಳೆ ಸಂಜೆ ಪಾರ್ಕಿಗೆ ಪೆನ್ನು, ಹಾಳೆ ತೆಗೆದುಕೊಂಡು ಹೋಗಬೇಕು.