ಐದಕ್ಕೇ ಸಾಲಿಗೆ ಹಚ್ಚಬೇಕಾ?

ಪ್ರತಿ ಜೂನ್‌ನಲ್ಲೂ ನಮ್ಮ ಶಾಲೆಯ ಕಟ್ಟೆಯ ಮೇಲೆ ಇದೇ ಮಾತು. “ಅಕ್ಕೋರ, ಐದು ತುಂಬ್ಯಾವ್ರಿ, ಒಂದನೇತ್ತೆಗೆ ಹಚ್ಕೊಳ್ರಿ. ಹೊರದೇಶದಾಗ ಎಷ್ಟಕ್ಕ ಕಳಸ್ತಾರ? ನಮ್ಮ ಕೂಸು ಹಿಂದ ಬೀಳಂಗಿಲ್ಲೇನ್ರಿ?” ಗದಗ ಹತ್ತಿರದ ಹಳ್ಳಿಯಲ್ಲಿ ಒಂದನೇ, ಎರಡನೇ ತರಗತಿಗೆ ಕಲಿಸುತ್ತೇನೆ. ಕೇಳಿದ ಎಲ್ಲ ತಾಯಂದಿರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಬೀಳುವುದಿಲ್ಲ. ಫಿನ್‌ಲ್ಯಾಂಡ್, ಎಸ್ಟೋನಿಯಾದಲ್ಲಿ ಒಂದನೇ ತರಗತಿ ಶುರುವಾಗೋದೇ ಏಳರ ಹೊತ್ತಿಗೆ. ಹಲವು ದೇಶಗಳ 15 ವರ್ಷದ ಮಕ್ಕಳಿಗೆ ನಡೆಯುವ ಪೀಸಾ ಪರೀಕ್ಷೆಯಲ್ಲಿ 2022ರಲ್ಲಿ ಎಸ್ಟೋನಿಯಾ ಗಣಿತ, ವಿಜ್ಞಾನಗಳಲ್ಲಿ ಯುರೋಪಿಗೇ ಮುಂದಿತ್ತು. ಹಾಗಂತ ತಡವಾಗಿ ಹಾಕಿದರೆ ಸಾಕು, ಜಾಣರಾಗುತ್ತಾರೆ ಅಂತಲೂ ಅಲ್ಲ. ಫಿನ್‌ಲ್ಯಾಂಡಿನ ಅಂಕಗಳು 2006ರ ನಂತರ ಇಳಿಯುತ್ತಾ ಬಂದಿವೆ. ಅಲ್ಲಿ ಆರನೇ ವರ್ಷ ಸುಮ್ನೆ ಮನೇಲಿ ಕೂರಿಸುವುದೂ ಇಲ್ಲ, 2015ರಿಂದ ಪೂರ್ವ ಪ್ರಾಥಮಿಕ ವರ್ಷ ಕಡ್ಡಾಯ. ಇಂಗ್ಲೆಂಡಿನಲ್ಲಿ ನಾಲ್ಕು ತುಂಬಿದವರೂ ಶಾಲೆಗೆ ಹೋಗುತ್ತಾರೆ, ನಿಜ. ಆದರೆ ಆ ಮೊದಲ ವರ್ಷ ಅಕ್ಷರದ ಜೊತೆಗೆ ಆಟವೂ ಜಾಸ್ತಿ.

ನನಗೆ ಜರ್ಮನಿಯ ಪದ್ಧತಿ ತುಂಬಾ ಇಷ್ಟ. ಆರರ ಹೊತ್ತಿಗೆ, ಶಾಲೆಗೆ ಸೇರುವ ಮೊದಲು, ಆರೋಗ್ಯ ಇಲಾಖೆಯವರು ಮಗುವಿನ ಕಣ್ಣು, ಕಿವಿ, ಮಾತು, ಕೈಯ ಹಿಡಿತ ನೋಡುತ್ತಾರೆ. ನಮ್ಮ ಕಡೆ ಹಿಂದೆ ಮಾಸ್ತರು ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದರಲ್ಲ, ಅದೂ ಇಂಥದ್ದೇ ಅಲ್ವಾ? ನನ್ನ ಬೆರಳು ಮೊದಲ ಸಲ ಕಿವಿಯ ಮೇಲಿನ ಕೂದಲಿಗೇ ನಿಂತಿತ್ತು. “ಮುಂದಿನ ವರ್ಷ ಬಾರವ್ವ” ಅಂದು ಕಳಿಸಿದ್ದರು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಒಂದನೇ ತರಗತಿಗೆ ಆರು ವರ್ಷ ಅನ್ನುತ್ತದೆ. ನಮ್ಮ ರಾಜ್ಯ 2025-26ರ ಸಾಲಿಗೆ ಅದನ್ನು ಐದು ವರ್ಷ ಐದು ತಿಂಗಳಿಗೆ ಸಡಿಲಿಸಿತು. ಆ ಏಳು ತಿಂಗಳ ವ್ಯತ್ಯಾಸ ನನಗೆ ಪಾಟಿಯ ಮೇಲೆ ಕಾಣುತ್ತದೆ. ಚಿಕ್ಕವರು ಬಳಪವನ್ನು ಮುಷ್ಟಿಯಲ್ಲಿ ಹಿಡಿಯುತ್ತಾರೆ. ‘ಅ’ದ ಹೊಟ್ಟೆ ತಿರುಗಿಸುವಾಗ ಇಡೀ ಭುಜವೇ ತಿರುಗುತ್ತದೆ, ಬಳಪ ಪಟ್ಟಂತ ಮುರಿಯುತ್ತದೆ. ಪಕ್ಕದ ಹುಡುಗಿ ಸಾಲು ಮುಗಿಸಿರುತ್ತಾಳೆ. ಇವನು ಪಾಟಿ ಮುಚ್ಚಿಟ್ಟು ಕಿಟಕಿ ಕಡೆ ನೋಡುತ್ತಾನೆ. ನನಗೆ ಸಂಕಟವಾಗೋದು ಆಗಲೇ. ಆ ಮಗು ದಡ್ಡ ಅಲ್ಲ, ಬೆರಳು ಇನ್ನೂ ಬಲಿತಿಲ್ಲ ಅಷ್ಟೇ.

ಆರು ತುಂಬುವ ತನಕ ಅಂಗನವಾಡಿಗೆ ತಪ್ಪದೆ ಕಳಿಸಿ. ಕತೆ ಹೇಳಿ. ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಉಂಡೆ ಹಿಟ್ಟು ಕೈಗೆ ಕೊಡಿ, ಎಷ್ಟು ಬೇಕೋ ಅಷ್ಟು ನಾದಲಿ. ಮುಂದಿನ ಜೂನ್‌ಗೆ ಕರೆತನ್ನಿ, ಪಾಟಿ ನಾನೇ ಕೊಡುತ್ತೇನೆ.