ಮಾರುವ ಮನೆಗೆ ಹೊಸ ಬಣ್ಣ

ಮಾರಬೇಕು ಅಂತ ತೀರ್ಮಾನ ಆದ ಮೇಲೆ ನಮ್ಮ ಮನೆ ಚೆಂದ ಆಗುತ್ತಿದೆ. ಆರು ವರ್ಷದಿಂದ ತೊಟ್ಟಿಕ್ಕುತ್ತಿದ್ದ ಬಚ್ಚಲಿನ ನಲ್ಲಿಗೆ ಹೋದ ವಾರ ಹೊಸ ವಾಷರ್ ಬಿತ್ತು. ಹತ್ತು ನಿಮಿಷದ ಕೆಲಸ!

ನನ್ನ ತಲೆಯಲ್ಲಿ ಇದ್ದಿದ್ದೇ ಬೇರೆ. ಅಡುಗೆಮನೆ ಪೂರ್ತಿ ಒಡೆಸಿ ಮಾಡ್ಯುಲರ್ ಮಾಡಿಸೋಣ, ಹಾಕಿದ ದುಡ್ಡು ಬೆಲೆಯಲ್ಲಿ ವಾಪಸ್ ಬರುತ್ತೆ ಅಂದುಕೊಂಡಿದ್ದೆ. ಬ್ರೋಕರ್ ನಕ್ಕರು. 'ನಿಮಗೆ ಹಿಡಿಸಿದ ಕಪಾಟು ಕೊಳ್ಳುವವರಿಗೂ ಹಿಡಿಸಬೇಕಲ್ಲ ಸಾರ್? ಅವರು ಬಂದು ಮತ್ತೆ ಒಡೆಸುತ್ತಾರೆ. ಮೊದಲು ಆ ಮೂಲೆ ನೋಡಿ' ಅಂದರು.

ಆ ಮೂಲೆ ಅಂದರೆ ರೂಮಿನ ಸೂರಿನಲ್ಲಿ ಅಂಗೈ ಅಗಲದ ತೇವದ ಕಲೆ. ಪ್ರತಿ ವರ್ಷ ಅದರ ಮೇಲೆ ಬಣ್ಣ ಬಳಿಯುತ್ತಿದ್ದೆವು. ಮಳೆ ಬಂದರೆ ಮತ್ತೆ ಗುಳ್ಳೆ ಎದ್ದು ಪುಡಿ ಉದುರುತ್ತಿತ್ತು. ಈ ಸಲ ತಾರಸಿ ಹತ್ತಿ ನೋಡಿದರೆ ನೀರು ಹೋಗುವ ತೂತಿನ ತುಂಬ ಎಲೆ, ಸುತ್ತ ಗಾರೆ ಬಿರುಕು. ಎಲೆ ತೆಗೆದು, ಬಿರುಕು ಮುಚ್ಚಿಸಿ, ವಾಟರ್‌ಪ್ರೂಫಿಂಗ್ ಮಾಡಿಸಿ, ಪೂರ್ತಿ ಒಣಗಿದ ಮೇಲೆ ಬಣ್ಣ. ಅದೂ ತಿಳಿ ಬಣ್ಣವೇ ಆಗಬೇಕಂತೆ. ನನ್ನ ಪ್ರೀತಿಯ ಕಡುನೀಲಿ ಗೋಡೆ ಹೋಯಿತು.

ನಿನ್ನೆ ಮನೆ ನೋಡಲು ಬಂದವರು ಸೋಫಾ, ಪರದೆ ಕಡೆ ತಿರುಗಿಯೂ ನೋಡಲಿಲ್ಲ. ನಲ್ಲಿ ತಿರುಗಿಸಿದರು, ಕಿಟಕಿ ತೆರೆದು ಮುಚ್ಚಿದರು, ಸಿಂಕ್ ಕೆಳಗೆ ಬಗ್ಗಿದರು. ಆಮೇಲೆ ತಲೆ ಎತ್ತಿ ಸೀದಾ ಆ ಮೂಲೆಯನ್ನೇ ನೋಡಿದರು. ನಾನು ಸುಮ್ನೆ ನಿಂತಿದ್ದೆ.

ರಾತ್ರಿ ಬಚ್ಚಲು ಎಷ್ಟು ನಿಶ್ಶಬ್ದ! 'ಇದನ್ನೆಲ್ಲ ನಮಗೋಸ್ಕರ ಯಾಕೆ ಮಾಡಿಸಿಕೊಳ್ಳಲಿಲ್ಲ ರೀ?' ಅಂದಳು ಹೆಂಡತಿ. ನಿದ್ದೆ ಬಂದವನ ಹಾಗೆ ಮಲಗಿದೆ.